ದಿಂಬಿನ ಒಳಜೇಬು

ಆ ದೊಡ್ಡಾಸ್ಪತ್ರೆಯ ಹಿಂಬದಿಯಲ್ಲಿ, ಅಡುಗೆಮನೆಗೂ ಜನರೇಟರ್ ಶೆಡ್ಡಿಗೂ ನಡುವೆ, ಬಟ್ಟೆ ಒಗೆಯುವ ಕೋಣೆಯೊಂದು ಇತ್ತು. ಮುಂಬಾಗಿಲಿನಿಂದ ಬಂದವರಿಗೆ ಅಂಥದ್ದೊಂದು ಜಾಗ ಇದೆಯೆಂದೇ ಗೊತ್ತಾಗುತ್ತಿರಲಿಲ್ಲ. ಸದಾ ಹಬೆ, ಸದಾ ಒದ್ದೆ ನೆಲ, ಗೋಡೆಗಳಿಗೆ ಸೋಪಿನ ವಾಸನೆ. ಅಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬಳ ಕಥೆ ಇದು. ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರು ಸಂಬಳ ಕೊಡುವವರಿಗೆ ಮಾತ್ರ ನೆನಪಿತ್ತು. ಉಳಿದವರಿಗೆಲ್ಲ ಅವಳು ಪಟಪಟಕ್ಕ.

ಆ ಹೆಸರು ಬಂದದ್ದು ಎರಡು ಕಾರಣಕ್ಕೆ. ಒಂದು, ಅವಳ ಮಾತು. ಬೆಳಿಗ್ಗೆ ಕೋಣೆಗೆ ಕಾಲಿಟ್ಟಾಗ ಶುರುವಾದರೆ ಬಾಗಿಲು ಹಾಕುವವರೆಗೆ ನಿಲ್ಲದು. ಇನ್ನೊಂದು, ಅವಳು ಬಟ್ಟೆ ಕೊಡವುತ್ತಿದ್ದ ರೀತಿ. ವಾರ್ಡಿನಿಂದ ಬಂದ ಹೊದಿಕೆಯಾಗಲಿ, ಹಾಸಿಗೆ ಬಟ್ಟೆಯಾಗಲಿ, ಎರಡು ತುದಿ ಹಿಡಿದು ಗಾಳಿಯಲ್ಲಿ ಒಮ್ಮೆ ಪಟಪಟ ಎನ್ನಿಸದೆ ಅವಳು ಮಿಷನ್ನಿಗೆ ಹಾಕುತ್ತಿರಲಿಲ್ಲ. ಕಾಯಿಲೆಯವರು ಮೈಮರೆತು ಮಲಗುವವರು. ಅವರ ಹಾಸಿಗೆಯಲ್ಲಿ ಏನಿರುತ್ತದೆ, ಏನಿರುವುದಿಲ್ಲ! ಕನ್ನಡಕ ಸಿಗುತ್ತಿತ್ತು, ಉಂಗುರ ಸಿಗುತ್ತಿತ್ತು, ಅರ್ಧ ತಿಂದ ಬಿಸ್ಕತ್ತು ಸಿಗುತ್ತಿತ್ತು, ನುಂಗಿದೆ ಎಂದು ಡಾಕ್ಟರಿಗೆ ಸುಳ್ಳು ಹೇಳಿ ಬಚ್ಚಿಟ್ಟ ಮಾತ್ರೆಗಳಂತೂ ಬೊಗಸೆಗಟ್ಟಲೆ ಸಿಗುತ್ತಿದ್ದವು. ಒಮ್ಮೆ ಹಲ್ಲಿನ ಸೆಟ್ಟು ಸಿಕ್ಕಿತು. ಅದನ್ನು ಬಟ್ಟಲಲ್ಲಿ ಇಟ್ಟುಕೊಂಡು ಮೇಲೆ ವಾರ್ಡಿಗೆ ಹೋಗಿ, ‘ಯಾರದಪ್ಪಾ ಈ ನಗು, ಕೆಳಗೆ ಬಂದಿತ್ತು!’ ಎಂದು ಕೂಗಿದಳು. ಮೂಲೆಯ ಮಂಚದಿಂದ ಒಬ್ಬ ಮುದುಕ ಬಾಯಿಗೆ ಕೈ ಅಡ್ಡ ಹಿಡಿದು, ನಾಚಿಕೊಂಡು ಬೆರಳೆತ್ತಿದ. ಇಡೀ ವಾರ್ಡು ನೋವು ಮರೆತು ನಕ್ಕಿತು.

ಈ ಕೊಡವುವ ಚಟ ಅವಳಿಗೆ ಅಂಟಿಕೊಂಡದ್ದು ಮನೆಯಲ್ಲಿ.

ಅವಳ ಗಂಡ ಬಟ್ಟೆ ಗಿರಣಿಯಲ್ಲಿ ಲೂಮು ನಡೆಸಿದವನು. ಗಿರಣಿಯೊಳಗಿನ ಗದ್ದಲ ಎಂದರೆ ತಲೆಯೊಳಗೆ ಯಾರೋ ಕಲ್ಲು ಕುಟ್ಟಿದ ಹಾಗೆ. ಅಲ್ಲಿ ಯಾರ ದನಿಯೂ ಯಾರಿಗೂ ಕೇಳದು. ಒಬ್ಬರ ತುಟಿ ಇನ್ನೊಬ್ಬರು ನೋಡಿಯೇ ಮಾತು. ಜಗಳವೂ ಹಾಗೇ, ಹರಟೆಯೂ ಹಾಗೇ. ಗಿರಣಿ ಬಿಡುವ ಹೊತ್ತಿಗೆ ಅವನ ಕಿವಿಗಳು ಕೈಕೊಟ್ಟಿದ್ದವು. ‘ನಿನ್ನ ಬಾಯಿ ತಡ್ಕೊಳ್ಳೋಕೆ ಅಂತಲೇ ದೇವರು ನನ್ನ ಗಿರಣಿಗೆ ಕಳಿಸಿದ್ದು ಕಣೇ’ ಎಂದು ಅವನು ಹೇಳುವುದಿತ್ತು. ‘ಹೂಂ, ಕಿವಿ ಹೋಯ್ತು, ನಾಲಿಗೆ ಮಾತ್ರ ಗಟ್ಟಿ ಉಳೀತು’ ಎಂದು ಅವಳು ತಿರುಗಿ ಕೊಡುತ್ತಿದ್ದಳು. ಆಮೇಲೆ ಕಿವಿಗೆ ಹಾಕಿಕೊಳ್ಳುವ ಮಿಷನ್ನು ಬಂತು. ಹೆಂಡತಿ ಬೈಯಲು ಶುರುಮಾಡಿದರೆ ಅದನ್ನು ಸದ್ದಿಲ್ಲದೆ ಆರಿಸಿಬಿಡುತ್ತಿದ್ದ. ಅವನ ಮುಖದ ಮೇಲೆ ಮೆಲ್ಲಗೆ ಹರಡುವ ನೆಮ್ಮದಿ ನೋಡಿಯೇ ಅವಳಿಗೆ ಕಳ್ಳತನ ಗೊತ್ತಾಗುತ್ತಿತ್ತು.

ಮಲಗುವಾಗ ಆ ಮಿಷನ್ನನ್ನು ಅವನು ದಿಂಬಿನ ಕವರಿನೊಳಗೆ ತುರುಕಿ ಇಡುತ್ತಿದ್ದ. ಎದ್ದ ಕೂಡಲೇ ಕೈಗೆ ಸಿಗಬೇಕಂತೆ. ಬೆಳಿಗ್ಗೆ ಅದು ಒಳಗೆಲ್ಲೋ ಜಾರಿಹೋಗಿ, ಅವನು ‘ಲೇ, ನನ್ನ ಕಿವಿ ಎಲ್ಲೇ?’ ಎಂದು ಮನೆಯನ್ನೆಲ್ಲ ಒಂದು ಮಾಡುತ್ತಿದ್ದ. ಅವಳು ದಿಂಬು ಕಿತ್ತು, ಕವರನ್ನು ಕೊಡವಿ, ಟಪ್ಪೆಂದು ನೆಲಕ್ಕೆ ಬಿದ್ದದ್ದನ್ನು ಎತ್ತಿ ಕೊಡುತ್ತಿದ್ದಳು. ಕೊನೆಗೆ ಸಾಕಾಗಿ, ಕವರಿನ ಒಳಬದಿಯಲ್ಲಿ, ಬಾಯಿಯ ಹತ್ತಿರ, ಎಡಕ್ಕೆ, ಒಂದು ಪುಟ್ಟ ಜೇಬು ಹೊಲಿದಳು. ಕತ್ತಲಲ್ಲೂ ಬೆರಳಿಗೆ ಸಿಗಲಿ ಎಂದು ಅದಕ್ಕೆ ದೊಡ್ಡದೊಂದು ಗುಂಡಿ ಹಾಕಿದಳು. ಅವಳ ಹೊಲಿಗೆ ಅಷ್ಟೇನೂ ನಾಜೂಕಲ್ಲ. ದಾರದ ಕೊನೆಗೆ ಕಡಲೆಕಾಳಿನಷ್ಟು ದಪ್ಪ ಗಂಟು ಹಾಕುವವಳು. ಬಟ್ಟೆಯನ್ನು ಕಣ್ಣಿಗಿಂತ ಬೆರಳಲ್ಲೇ ಹೆಚ್ಚು ನೋಡಿದ ಆ ಗಿರಣಿ ಮನುಷ್ಯ ಗಂಟನ್ನು ಸವರಿ, ‘ಇದೇನೇ ಗಂಟು? ಹಡಗು ಕಟ್ಟೋಕಾ?’ ಎಂದು ನಕ್ಕ. ಜೇಬನ್ನು ಮಾತ್ರ ಬಿಡಲಿಲ್ಲ. ಆದರೆ ಗುಂಡಿ ಹಾಕುವುದು ಅವನ ಹಣೆಯಲ್ಲೇ ಬರೆದಿರಲಿಲ್ಲ. ಬೆಳಗಾದರೆ ಮಿಷನ್ನು ಮತ್ತೆ ದಿಂಬಿನ ಹೊಟ್ಟೆಯಲ್ಲಿ.

‘ಗುಂಡಿ ಹಾಕೋಕೆ ಏನ್ರೀ ಕಷ್ಟ ನಿಮಗೆ?’

‘ಹಾಕಿಬಿಟ್ರೆ ನೀನು ಬೆಳಿಗ್ಗೆ ಎದ್ದು ಏನು ಕೊಡವ್ತೀಯ?’

ಮಕ್ಕಳಿಲ್ಲದ ಮನೆ. ಅವರ ದಿನ ಶುರುವಾಗುತ್ತಿದ್ದದ್ದೇ ಈ ಜಗಳದಿಂದ. ಬೇರೆ ಮನೆಗಳಲ್ಲಿ ಗಡಿಯಾರ ಹೊಡೆಯುತ್ತದಲ್ಲ, ಹಾಗೆ.

ಆಮೇಲೆ ಆ ಕಾಯಿಲೆ ಬಂತು. ಊರಿಗೆ ಊರೇ ಬಾಗಿಲು ಹಾಕಿಕೊಂಡಿತು. ಬಸ್ಸು ನಿಂತಿತು, ಅಂಗಡಿ ಮುಚ್ಚಿದವು, ಬೀದಿಗಳಿಗೆ ಅಡ್ಡಗಟ್ಟೆ ಬಿದ್ದವು. ಆಸ್ಪತ್ರೆ ಕೆಲಸದವರು ಮನೆಗೆ ಹೋಗಿ ಬಂದರೆ ಅಪಾಯ ಎಂದು ಅವರಿಗೆಲ್ಲ ಅಲ್ಲೇ ಹಿಂದಿನ ಕಟ್ಟಡದಲ್ಲಿ ಹಾಸಿಗೆ ಹಾಕಿಕೊಟ್ಟರು. ಪಟಪಟಕ್ಕ ಮನೆಗೆ ಹೋಗಿ ಗಂಡನಿಗೆ ಒಲೆ, ಮಾತ್ರೆ, ಮಿಷನ್ನಿನ ಬ್ಯಾಟರಿ ಎಲ್ಲ ತೋರಿಸಿ, ಪಕ್ಕದ ಮನೆಯ ದರ್ಜಿ ಹೆಂಗಸಿಗೆ ‘ಇವರ ಮೇಲೆ ಒಂದು ಕಣ್ಣಿಡಮ್ಮಾ’ ಎಂದು ಹೇಳಿ ಬಂದಳು. ದಿನಾ ಫೋನಿನಲ್ಲಿ ಮಾತು. ಅವಳದು ಗುಂಡಿ ಒತ್ತುವ ಹಳೇ ಫೋನು.

‘ಹೊರಗೆ ಹೋದ್ರೆ ಒಬ್ಬರ ಮಾತೂ ತಿಳಿಯಲ್ಲ ಕಣೇ’ ಎಂದು ಅವನು ದೂರಿದ. ‘ಎಲ್ಲರೂ ಮೂತಿಗೆ ಬಟ್ಟೆ ಕಟ್ಕೊಂಡಿದ್ದಾರೆ. ತುಟೀನೇ ಕಾಣಲ್ಲ. ಗಿರಣೀಲೇ ವಾಸಿಯಾಗಿತ್ತು.’

‘ಹೊರಗ್ಯಾಕೆ ಹೋಗ್ತೀರಿ ನೀವು? ಮನೇಲಿ ಬಿದ್ಕೊಂಡಿರಿ ಅಂದಿಲ್ವಾ?’

‘ಆಂ? ಕೇಳಿಸ್ತಿಲ್ಲ ಕಣೇ, ಬ್ಯಾಟರಿ ಹೋಯ್ತೇನೋ...’

‘ಬ್ಯಾಟರಿ ಎಲ್ಲೂ ಹೋಗಿಲ್ಲ, ನಿಮ್ಮ ಬುದ್ಧಿ ಹೋಗಿರೋದು!’

ಇತ್ತ ಒಗೆಯುವ ಕೋಣೆಯ ರೀತಿಯೇ ಬದಲಾಗಿತ್ತು. ಆ ಕಾಯಿಲೆಯ ವಾರ್ಡಿನ ಬಟ್ಟೆಗಳು ಬಾಯಿ ಕಟ್ಟಿದ ಚೀಲಗಳಲ್ಲಿ ಬರತೊಡಗಿದವು. ಬಿಸಿನೀರಿಗೆ ಬಿದ್ದರೆ ತಾನೇ ಕರಗಿಹೋಗುವ ಚೀಲ. ಬಿಚ್ಚುವಂತಿಲ್ಲ, ವಿಂಗಡಿಸುವಂತಿಲ್ಲ, ಇದ್ದ ಹಾಗೇ ಮಿಷನ್ನಿಗೆ ಹಾಕಿ ಬಾಗಿಲು ಮುಚ್ಚಬೇಕು. ಕೋಣೆಯ ಮೇಸ್ತ್ರಿ ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದ. ಹೇಳುವಾಗ ನೋಡಿದ್ದು ಇವಳನ್ನೇ.

‘ಕೊಡವೋ ಹಾಗಿಲ್ಲ. ಕೊಡವಿದ್ರೆ ರೋಗ ಗಾಳಿಗೆ ಹಾರುತ್ತೆ. ನಾವೆಲ್ಲ ಮೇಲಿನ ವಾರ್ಡಿಗೆ ಹೋಗ್ತೀವಿ, ಅಷ್ಟೇ. ಏನಕ್ಕಾ, ಕೇಳಿಸ್ತಾ?’

‘ನನಗೇನಪ್ಪಾ, ಕೇಳಿಸ್ದೇ ಇರೋದು ನಮ್ಮನೆಯವರಿಗೆ.’

ನಕ್ಕಳೇನೋ ನಿಜ. ಆದರೆ ಕೈ ಸುಮ್ಮನಿರಬೇಕಲ್ಲ! ಚೀಲ ಎತ್ತುವಾಗಲೆಲ್ಲ ಬೆರಳುಗಳು ತಾವಾಗಿಯೇ ಒಳಗೇನಿದೆಯೆಂದು ತಡವುತ್ತಿದ್ದವು. ಒಗೆದು ಬಂದ ಬಟ್ಟೆಗಳ ನಡುವೆ ಒಡೆದ ಕನ್ನಡಕ, ಸೊಟ್ಟಗಾದ ಬಾಚಣಿಗೆ ಸಿಗುತ್ತಿದ್ದವು. ‘ಯಾವ ತಾಯಿ ಮಗನದೋ’ ಎಂದುಕೊಂಡು ಒಂದು ಡಬ್ಬಿಗೆ ಹಾಕಿಡುತ್ತಿದ್ದಳು. ಆದರೂ ಒಂದೇ ಒಂದು ಚೀಲ ಬಿಚ್ಚಲಿಲ್ಲ. ಜೊತೆಗಿದ್ದ ಹೆಂಗಸರಲ್ಲಿ ಒಬ್ಬಳು ಬಸುರಿ, ಇನ್ನೊಬ್ಬಳು ಉಬ್ಬಸದವಳು. ಅವರ ಜೀವದ ಜೊತೆ ಆಟವಾಡುವಷ್ಟು ಕಲ್ಲಲ್ಲ ಅವಳು.

ಒಂದು ಬೆಳಿಗ್ಗೆ ಎಂದಿನಂತೆ ಚೀಲಗಳ ಗಾಡಿ ಬಂತು. ಒಂದು ಚೀಲ ಎತ್ತಿದಾಗ ಒಳಗೆ ಏನೋ ಗಟ್ಟಿಯಾದದ್ದು ಬೆರಳಿಗೆ ತಗುಲಿತು. ಹುಣಸೆ ಬೀಜಕ್ಕಿಂತ ಸ್ವಲ್ಪ ದೊಡ್ಡದು, ಬಾಗಿದ್ದು. ಅವಳು ಒಂದು ಗಳಿಗೆ ನಿಂತಳು. ಚೀಲದ ಮೇಲಿನಿಂದಲೇ ಅದನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು.

‘ಅಕ್ಕಾ...’ ಎಂದ ಮೇಸ್ತ್ರಿ, ದೂರದಿಂದಲೇ.

‘ಹಾಕ್ತಿದ್ದೀನಪ್ಪಾ, ಹಾಕ್ತಿದ್ದೀನಿ.’

ಹಾಕಿದಳು. ಬಾಗಿಲು ಮುಚ್ಚಿದಳು. ನೀರು ಏರಿತು.

ಕೋಣೆಯೊಳಗೆ ಫೋನು ತರುವಂತಿರಲಿಲ್ಲ, ಹಿಂದಿನ ಸಂಜೆಯಿಂದ ಬಿಡುವಿಲ್ಲದ ಎರಡು ಪಾಳಿ ಬೇರೆ. ಚಹಾದ ಹೊತ್ತಿಗೆ ಹೊರಗೆ ಬಂದು ನೋಡಿದರೆ ದರ್ಜಿ ಹೆಂಗಸಿನ ಕರೆಗಳು ಸಾಲುಗಟ್ಟಿ ನಿಂತಿದ್ದವು. ಕೂಡಲೇ ತಿರುಗಿ ಕರೆ ಮಾಡಿದಳು.

‘ಅಕ್ಕಾ, ನಿನ್ನೆ ಸಂಜೆಯಿಂದ ಮಾಡ್ತಾನೇ ಇದ್ದೀನಿ! ಭಾವನಿಗೆ ಎರಡು ದಿನದಿಂದ ಜ್ವರ ಇತ್ತಂತೆ, ನನಗೂ ಹೇಳಿಲ್ಲ, ಅವಳಿಗೆ ತಿಳಿದ್ರೆ ಬೈತಾಳೆ ಅಂತ. ನಿನ್ನೆ ಉಸಿರು ಹತ್ತೋಕೆ ಶುರುವಾಯ್ತು. ಆಂಬುಲೆನ್ಸ್ ಬಂದು ಕರ್ಕೊಂಡು ಹೋಯ್ತು. ನಿಮ್ಮ ಆಸ್ಪತ್ರೆಗೇ ಅಕ್ಕಾ!’

ಅವಳು ಚಹಾ ಅಲ್ಲೇ ಕಟ್ಟೆಯ ಮೇಲೆ ಬಿಟ್ಟು, ಮೇಸ್ತ್ರಿಯ ಮೇಜಿನ ಫೋನಿನಿಂದ ಮೇಲಿನ ವಾರ್ಡಿಗೆ ಕರೆ ಮಾಡಿದಳು. ಎತ್ತಿದ ನರ್ಸು ಚಿಕ್ಕ ವಯಸ್ಸಿನವಳು, ದನಿ ಬಿದ್ದುಹೋಗಿತ್ತು.

‘ಹೌದಮ್ಮಾ, ಇದ್ದಾರೆ. ಬೆಳಗಿನ ಜಾವ ಆಕ್ಸಿಜನ್ ಕಡಿಮೆ ಆಯ್ತು ಅಂತ ಅವಸರದಲ್ಲಿ ಒಳಗಿನ ಬೆಡ್ಡಿಗೆ ಹಾಕಿದ್ವಿ. ಅಜ್ಜ ಒಂದೇ ಕೇಳ್ತಾ ಇದ್ದಾರೆ. ನಾನು ಇಲ್ಲಿರೋದು ಅವಳಿಗೆ ಗೊತ್ತಾ, ಅವಳಿಗೆ ಯಾರಾದ್ರೂ ಹೇಳಿದ್ರಾ, ಅಂತ. ಅವಳು ಅಂದ್ರೆ ನೀವೇನಾ?’

‘ನಾನೇ ಸಿಸ್ಟರಮ್ಮಾ. ಗೊತ್ತು ಅಂತ ಹೇಳಿ. ಇಲ್ಲೇ ಕೆಳಗಿದ್ದಾಳೆ ಅಂತ ಹೇಳಿ.’

‘ಹೇಳ್ದೆ. ಎಷ್ಟು ಸಲ ಹೇಳಿದ್ರೂ ಅವರಿಗೆ ಕೇಳಿಸ್ತಾ ಇಲ್ಲ.’

‘ಕಿವಿಗೆ ಮಿಷನ್ ಇರುತ್ತಲ್ಲ?’

‘ಯಾವ ಮಿಷನ್ನೂ ಇಲ್ವಲ್ಲಮ್ಮ. ಬೆಡ್ ಬದಲಾಯಿಸುವಾಗ ದಿಂಬು ತೋರಿಸಿ ಏನೋ ಅಂತಿದ್ರು. ಆ ಗಡಿಬಿಡೀಲಿ ನಮಗೆ ತಿಳೀಲಿಲ್ಲ.’

ಪಟಪಟಕ್ಕ ಫೋನು ಕೆಳಗಿಟ್ಟು ಒಗೆಯುವ ಮಿಷನ್ನಿನ ಮುಂದೆ ಹೋಗಿ ನಿಂತಳು. ಗಾಜಿನ ಹಿಂದೆ ಬಿಳಿ ಬಟ್ಟೆಗಳು ತಿರುಗುತ್ತಲೇ ಇದ್ದವು. ನಡುವೆ ನಿಲ್ಲಿಸುವಂತಿಲ್ಲ. ಅದು ತನ್ನ ಪಾಡಿಗೆ ತಾನು ಮುಗಿಯುವವರೆಗೆ ಅವಳು ಕದಲಲಿಲ್ಲ.

ಬಾಗಿಲು ತೆರೆದು ಕವರುಗಳನ್ನು ಒಂದೊಂದಾಗಿ ಎತ್ತಿ ಕೊಡವಿದಳು. ಟಪ್ಪೆಂದು ನೆಲಕ್ಕೆ ಬಿತ್ತು. ಇಷ್ಟು ವರ್ಷ ಕೇಳಿದ ಅದೇ ಸದ್ದು. ಎತ್ತಿ ನೋಡಿದರೆ ಕಿವಿಯ ಮಿಷನ್ನು ಹೊಸದರ ಹಾಗೆ ಫಳಫಳ ಅನ್ನುತ್ತಿತ್ತು. ಒಳಗೆಲ್ಲ ನೀರು.

ಮೇಸ್ತ್ರಿ ಕೆಟ್ಟವನಲ್ಲ. ಅದನ್ನು ಬಿಚ್ಚಿ, ಊದಿ, ಇಸ್ತ್ರಿ ಮೇಜಿನ ಬಿಸಿಗೆ ಹಿಡಿದು, ಕಿಟಕಿಯ ಬಿಸಿಲಿಗೆ ಇಟ್ಟು ಏನೇನೋ ಮಾಡಿದ. ಹೊಸ ಬ್ಯಾಟರಿಯನ್ನೂ ಹಾಕಿ ನೋಡಿದ. ಮೊದಲೆಲ್ಲ ಕೈಯಲ್ಲಿ ಮುಚ್ಚಿ ಹಿಡಿದರೆ ಕುಯ್ಯ್ ಎನ್ನುತ್ತಿತ್ತು. ಈಗ ಉಸಿರಿಲ್ಲ. ಹೊಸದು ತರೋಣವೆಂದರೆ ಊರಿನ ಅಂಗಡಿಗಳೆಲ್ಲ ಮುಚ್ಚಿದ್ದವು.

‘ನಾನು ಆ ಚೀಲ ಹಾಕು ಅನ್ನಬಾರದಿತ್ತಕ್ಕಾ’ ಎಂದ.

‘ನೀನೇನು ಮಾಡ್ತೀಯಪ್ಪಾ? ನಾನೇ ಕೈಯಲ್ಲಿ ಹಿಡ್ಕೊಂಡು ನೋಡ್ದೆ. ಬೆರಳಿಗೆ ಗುರುತು ಸಿಗಬೇಕಿತ್ತು. ಬೇರೆ ಯಾರದೋ ಅಂದ್ಕೊಂಡೆ.’

ನರ್ಸು ಒಂದು ಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದ್ದಳು. ಅವನಿಗೆ ಓದು ಬಾರದು. ಕೈಸನ್ನೆ ಮಾಡಿದಳು, ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ಸುತ್ತಿಕೊಂಡ ಆಕಾರವೊಂದು ಕೈ ಆಡಿಸಿದರೆ ಅವನಿಗೇನು ತಿಳಿಯಬೇಕು? ಮಾರನೇ ದಿನ ಮೇಸ್ತ್ರಿ ತನ್ನ ಫೋನು ಕೊಟ್ಟ. ಅದರಲ್ಲಿ ಮುಖ ಕಾಣುತ್ತಿತ್ತು. ಪಟಪಟಕ್ಕ ಅಂಗಳದ ಬೇಲಿಯ ಹತ್ತಿರ, ಯಾರೂ ಇಲ್ಲದ ಕಡೆ ಹೋಗಿ, ಮುಖದ ಬಟ್ಟೆ ತೆಗೆದು, ಗಿರಣಿಯವರ ಹಾಗೆ ತುಟಿಗಳನ್ನು ಬಿಡಿಸಿ ಬಿಡಿಸಿ ಆಡಿದಳು. ನಾನು. ಇಲ್ಲೇ. ಇದ್ದೀನಿ. ಅವನ ಮುಖಕ್ಕೆ ಆಕ್ಸಿಜನ್ ಮುಸುಕು ಬಿಗಿದಿದ್ದರು, ಅದರ ಮೇಲೆ ಕನ್ನಡಕ ಕೂರುತ್ತಿರಲಿಲ್ಲ. ಅವನು ಅಂಗೈಯಗಲದ ಆ ಬೆಳಕನ್ನು ಕಣ್ಣು ಕಿರಿದು ಮಾಡಿ ನೋಡಿದ. ಆಮೇಲೆ ನರ್ಸಿನ ಕಡೆ ತಿರುಗಿ, ಮುಸುಕಿನೊಳಗಿಂದ, ‘ಯಾರಮ್ಮಾ ಅದು? ನನ್ನ ಹೆಂಡತಿಗೆ ಹೇಳ್ದ್ರಾ?’ ಎಂದ.

ಅವಳು ಫೋನು ಹಿಂದೆ ಕೊಟ್ಟು, ಬೇಲಿ ಹಿಡಿದುಕೊಂಡು ಅತ್ತಳು. ಅತ್ತು, ಮೂಗು ಒರೆಸಿಕೊಂಡು, ಬಟ್ಟೆ ಕಟ್ಟಿಕೊಂಡು ಒಳಗೆ ಬಂದಳು. ಕೆಲಸ ರಾಶಿ ಬಿದ್ದಿತ್ತು.

ಕೋಣೆಯ ಮೂಲೆಯಲ್ಲಿ ಹರಿದ ಬಟ್ಟೆ ಹೊಲಿಯುವ ಮಿಷನ್ನೊಂದಿತ್ತು. ಮಧ್ಯಾಹ್ನ ಉಳಿದವರು ಊಟಕ್ಕೆ ಕೂತಾಗ ಅವಳು ಒಂದು ಹೊಸ ದಿಂಬಿನ ಕವರು ತೆಗೆದುಕೊಂಡಳು. ಹಳೆಯ ಹಾಸಿನಿಂದ ಅಂಗೈಯಷ್ಟು ತುಂಡು ಕತ್ತರಿಸಿದಳು. ಮಿಷನ್ನಿಗೆ ಕೈ ಹಚ್ಚಲಿಲ್ಲ. ಸೂಜಿ ದಾರ ತೆಗೆದು ಕೈಯಲ್ಲೇ ಹೊಲಿದಳು. ಕವರಿನ ಒಳಬದಿಯಲ್ಲಿ, ಬಾಯಿಯ ಹತ್ತಿರ, ಎಡಕ್ಕೆ. ಗುಂಡಿಗೆ ಎಲ್ಲಿ ಹೋಗುವುದು? ತಾನು ತೊಟ್ಟಿದ್ದ ಕೆಲಸದ ಕೋಟಿನ ಎದೆಯ ಗುಂಡಿಯನ್ನೇ ಹಲ್ಲಿನಿಂದ ಕಿತ್ತಳು. ಅದನ್ನು ಹಚ್ಚಿ, ಕೊನೆಗೆ ಗಂಟು ಹಾಕಿದಳು. ಕಡಲೆಕಾಳಿನಷ್ಟು ದಪ್ಪದ ಗಂಟು.

ಕುದಿಯುವ ನೀರಿನಲ್ಲಿ ಒಗೆದು, ಇಸ್ತ್ರಿ ಮಾಡಿ, ವಾರ್ಡಿಗೆ ಹೋಗುವ ಗಾಡಿಯ ಮೇಲಿಟ್ಟು, ಮೇಲಕ್ಕೆ ಫೋನು ಮಾಡಿದಳು.

‘ಸಿಸ್ಟರಮ್ಮಾ, ಒಂದು ಕವರು ಬರ್ತಿದೆ. ಗುಂಡಿ ಇರೋದು. ನಮ್ಮನೆಯವರ ದಿಂಬಿಗೆ ಹಾಕಿ. ಹಾಕಿ ಅವರ ಕೈ ತಗೊಂಡು ಒಳಗೆ ಇಡಿ, ಅಷ್ಟು ಸಾಕು. ದಿಂಬಿನ ಬಾಯಿ ಎಡಗೈ ಕಡೆ ಬರಲಿ.’

‘ಏನಮ್ಮಾ ಅದು?’

‘ಏನೂ ಇಲ್ಲ ತಾಯಿ. ಜೇಬು.’

ಸಂಜೆ ನರ್ಸೇ ಫೋನು ಮಾಡಿದಳು.

‘ಹಾಕಿದೆ ಅಕ್ಕಾ. ಅಜ್ಜ ಮೊದಲು ಕೈ ಕಿತ್ಕೊಂಡ್ರು. ಆಮೇಲೆ ಬೆರಳಿಗೆ ಏನೋ ಸಿಕ್ತು. ತಡವಿ ತಡವಿ ನೋಡಿದ್ರು, ಆ ಗಂಟನ್ನ ಹಿಡ್ಕೊಂಡು ತಿರುವಿದ್ರು. ಮುಸುಕಿನೊಳಗೇ ನಕ್ಕ ಹಾಗಾಯ್ತು. ಇಲ್ಲೇ ಇದ್ದಾಳೆ, ಅಂದ್ರು. ನನ್ನ ಕೇಳಿದ್ದಲ್ಲ, ನನಗೇ ಹೇಳಿದ್ರು. ಆಮೇಲೆ ಒಂದ್ಸಲಾನೂ ಕೇಳಲಿಲ್ಲ.’

ಪಟಪಟಕ್ಕ ಬಿಚ್ಚಿಹೋದ ಕೋಟಿನ ಎದೆಯನ್ನು ಕೈಯಲ್ಲಿ ಹಿಡಿದುಕೊಂಡು ಕೇಳಿದಳು, ‘ಗುಂಡಿ ಹಾಕಿದ್ರಾ?’

‘ಇಲ್ಲ ಅಕ್ಕಾ. ಬೆರಳು ಒಳಗೇ ಇಟ್ಕೊಂಡು ಮಲಗಿದ್ದಾರೆ.’

‘ಅಯ್ಯೋ, ಅವರ ಹಾಳು ಬುದ್ಧಿ’ ಎಂದಳು. ಆ ದಿನ ಅವಳು ಊಟ ಮಾಡಿದಳು.

ಕೆಲವು ದಿನ ಹಾಗೆ ಹೋಯಿತು. ವಾರ್ಡಿನ ಉಳಿದ ಬಟ್ಟೆಗಳೆಲ್ಲ ದಿನವೂ ಕೆಳಗೆ ಬರುತ್ತಿದ್ದವು. ಆ ಕವರು ಬರುತ್ತಿರಲಿಲ್ಲ. ಅಜ್ಜ ಅದನ್ನು ಬದಲಾಯಿಸಲು ಬಿಡುತ್ತಿಲ್ಲವೆಂದು ನರ್ಸು ಹೇಳಿದಳು. ಒಗೆದು ಬಂದ ರಾಶಿಯಲ್ಲಿ ಪಟಪಟಕ್ಕ ಗುಂಡಿಗಾಗಿ ಕೈಯಾಡಿಸುತ್ತಿದ್ದಳು. ಸಿಗದಿದ್ದರೆ, ಸದ್ಯ, ಮೇಲಿದ್ದಾರೆ ಎಂದು ಉಸಿರು ಬಿಡುತ್ತಿದ್ದಳು. ಬಸುರಿ ಹೆಂಗಸು ಅವಳ ಕೋಟಿಗೆ ಪಿನ್ನು ಹಾಕಿಕೊಟ್ಟು, ‘ಬೇರೆ ಗುಂಡಿ ಹಚ್ಕೊಳ್ಳಕ್ಕಾ’ ಎಂದರೆ, ‘ಇರಲಿ ಬಿಡೇ, ಅವರು ಮನೆಗೆ ಬಂದ ಮೇಲೆ ಕಿತ್ಕೊಳ್ತೀನಿ’ ಎನ್ನುತ್ತಿದ್ದಳು. ಅವನಿಗೆ ಬೈಯಬೇಕಾದ್ದನ್ನೆಲ್ಲ ಕೂಡಿಹಾಕುತ್ತಿದ್ದಳು. ಜ್ವರ ಮುಚ್ಚಿಟ್ಟದ್ದಕ್ಕೆ ಒಂದು, ಹೊರಗೆ ತಿರುಗಿದ್ದಕ್ಕೆ ಒಂದು, ಗುಂಡಿ ಹಾಕದ್ದಕ್ಕೆ ಎಲ್ಲಕ್ಕಿಂತ ದೊಡ್ಡದೊಂದು.

ಆಮೇಲೊಂದು ಬೆಳಿಗ್ಗೆ ಮೇಸ್ತ್ರಿಯ ಮೇಜಿನ ಫೋನು ರಿಂಗಾಯಿತು. ಅವನು ಎತ್ತಿ ಕೇಳಿದ, ಇಟ್ಟ, ಮತ್ತೆ ಎದ್ದು ಬಂದು ಅವಳ ಮುಂದೆ ನಿಂತ. ಅವಳು ಅವನ ಮುಖ ನೋಡಿ, ‘ಹೇಳ್ಬೇಡಪ್ಪಾ, ತಿಳೀತು’ ಎಂದಳು.

ಅವಳಿಗೆ ನೋಡಲು ಬಿಟ್ಟದ್ದು ದೂರದಿಂದ. ಹಿಂದಿನ ಅಂಗಳದಲ್ಲಿ ವ್ಯಾನು ನಿಂತಿತ್ತು. ಉದ್ದದ ಚೀಲವನ್ನು ಬಿಳಿಯುಡುಗೆಯವರು ಎತ್ತಿ ಒಳಗಿಟ್ಟರು. ಜಿಪ್ಪು ಹಾಕಿದ, ಬಿಚ್ಚುವಂತಿಲ್ಲದ ಚೀಲ. ಪಟಪಟಕ್ಕನ ಎರಡೂ ಕೈಗಳು ಗಾಳಿಯಲ್ಲಿ ಒಮ್ಮೆ ಮೇಲೆದ್ದವು, ಏನನ್ನೋ ತುದಿ ಹಿಡಿದು ಕೊಡವುವವರ ಹಾಗೆ. ಆಮೇಲೆ ಕೆಳಗಿಳಿದವು.

ಮನೆಗೆ ಹೋಗು ಎಂದರು. ಮನೆಯಲ್ಲಿ ಯಾರಿದ್ದಾರೆ? ಅವಳು ಕೋಣೆಗೇ ಬಂದಳು. ಮಧ್ಯಾಹ್ನ ಗಾಡಿ ಬಂತು. ಚೀಲಗಳನ್ನು ಅವಳೇ ಹಾಕಿದಳು, ಒಂದನ್ನೂ ತಡವಲಿಲ್ಲ. ನೀರು ಏರಿತು, ಇಳಿಯಿತು. ಬಾಗಿಲು ತೆರೆದು ಬಿಸಿ ಬಟ್ಟೆ ಎತ್ತುತ್ತಿದ್ದಾಗ ಕೈಗೆ ಗುಂಡಿ ಸಿಕ್ಕಿತು.

ಕವರನ್ನು ಒಳಗು ಹೊರಗು ಮಾಡಿದಳು. ಜೇಬು ಹಾಗೇ ಇತ್ತು, ಗಂಟು ಹಾಗೇ ಇತ್ತು. ಗುಂಡಿ ಹಾಕಿತ್ತು. ಕಾಜದೊಳಗೆ ಅಚ್ಚುಕಟ್ಟಾಗಿ, ಪೂರ್ತಿ, ಬಿಗಿಯಾಗಿ ಹಾಕಿತ್ತು.

ಅವಳು ಅದನ್ನು ಕೊಡವಲಿಲ್ಲ. ಬಿಚ್ಚಲೂ ಇಲ್ಲ. ಒದ್ದೆಯಾಗಿಯೇ ಎದೆಗೆ ಒತ್ತಿಕೊಂಡು ಹಬೆಯ ನಡುವೆ ಕೂತಳು. ಮೇಸ್ತ್ರಿ ಉಳಿದವರನ್ನೆಲ್ಲ ಕಣ್ಣಲ್ಲೇ ಹೊರಗೆ ಕಳಿಸಿ, ಆ ಕವರು ಹರಿದುಹೋಯಿತೆಂದು ಮೇಲಿನವರಿಗೆ ತಿಳಿಸಿಬಿಟ್ಟ.

ಕಾಲ ಕಳೆದು ಬೀದಿಗಳು ತೆರೆದವು. ಚೀಲಗಳ ನಿಯಮ ಸಡಿಲವಾಯಿತು. ಕೋಣೆಯಲ್ಲಿ ಮತ್ತೆ ಪಟಪಟ ಸದ್ದು ಕೇಳಿಸಿತು. ಮಾತು ಮಾತ್ರ ಮೊದಲಿನಷ್ಟಿಲ್ಲ. ಮನೆಯಲ್ಲಿ ಬೆಳಿಗ್ಗೆ ಎದ್ದರೆ ಅವಳಿಗೆ ಕೊಡವಲು ಏನೂ ಇರುತ್ತಿರಲಿಲ್ಲ.

ಒಂದು ದಿನ ಆ ನರ್ಸು ಕೆಳಗೆ ಇಳಿದು ಬಂದಳು. ಮುಖದ ಮೇಲೆ ಬಟ್ಟೆಯಿಲ್ಲದೆ ಅವಳನ್ನು ಪಟಪಟಕ್ಕ ನೋಡಿದ್ದು ಅದೇ ಮೊದಲು. ಎಷ್ಟು ಚಿಕ್ಕ ಹುಡುಗಿ! ಇಬ್ಬರೂ ಸ್ವಲ್ಪ ಹೊತ್ತು ಕೈ ಹಿಡಿದುಕೊಂಡು ನಿಂತರು.

‘ಅಕ್ಕಾ, ನಿಮಗೊಂದು ಹೇಳ್ಬೇಕಿತ್ತು. ಆವತ್ತು ಬೆಳಿಗ್ಗೆ, ಆ ದಿಂಬಿನ ಗುಂಡಿ...’

ಪಟಪಟಕ್ಕ ಒದ್ದೆ ಕೈಯನ್ನು ಅವಳ ಬಾಯಿಗೆ ಅಡ್ಡ ಹಿಡಿದಳು.

‘ಬೇಡ ತಾಯಿ. ಯಾರು ಹಾಕಿದ್ರು ಅಂತ ಹೇಳ್ಬೇಡ. ಅವರೇ ಹಾಕಿದ್ರು ಅಂದ್ಕೊಂಡು ದಿನಾ ಒಂದ್ಸಲ ಬೈತೀನಿ ನಾನು, ಇಷ್ಟು ವರ್ಷ ಏನಾಗಿತ್ತು ನಿಮಗೆ ಅಂತ. ಅದೊಂದು ಇರಲಿ ನನಗೆ.’

ಹುಡುಗಿ ತಲೆಯಾಡಿಸಿದಳು. ಪಟಪಟಕ್ಕ ಬುಟ್ಟಿಯಿಂದ ಒಂದು ಹೊದಿಕೆ ಎತ್ತಿ, ಅದರ ಎರಡು ತುದಿಗಳನ್ನು ಅವಳ ಕೈಗೆ ಕೊಟ್ಟು, ಉಳಿದೆರಡನ್ನು ತಾನು ಹಿಡಿದಳು. ‘ಜೋರಾಗಿ ಕೊಡವು’ ಎಂದಳು.